ಬಾಡಿಗೆಗೆ ಬಿಟ್ಟಿರೋ ಮನೆ ಮಾರೋದಾ ಇಟ್ಕೊಳ್ಳೋದಾ: ಲೆಕ್ಕ ಹಾಕೋದು ಹೀಗೆ

ಬೆಂಗಳೂರಲ್ಲಿ 2010-14ರ ಆಸುಪಾಸಲ್ಲಿ ಒಂದು 2ಬಿಎಚ್‌ಕೆ ತಗೊಂಡು ಬಾಡಿಗೆಗೆ ಬಿಟ್ಟಿರೋರು ಈಗ ಸಿಕ್ಕಾಗೆಲ್ಲ ಕೇಳೋದು ಒಂದೇ, ರೇಟ್ ಚೆನ್ನಾಗಿದೆ ಮಾರ್ಬಿಡೋಣ್ವಾ ಅಥವಾ ಹಂಗೇ ಇರ್ಲಿ ಅಂತ ಬಿಡೋಣ್ವಾ ಅಂತ. ಸಲಹೆ ಕೊಡೋರಿಗೇನೂ ಬರ ಇಲ್ಲ. ಮನೇಲಿ ದೊಡ್ಡೋರು "ಆಸ್ತಿ ಮಾರಬಾರ್ದು ಕಣಪ್ಪ, ಜನ ಏನಂತಾರೆ, ಸಾಲ ಮಾಡ್ಕೊಂಡಿದಾನೆ ಅಂತಾರೆ" ಅಂತಾರೆ, ಆಫೀಸಲ್ಲಿ ಎಸ್‌ಐಪಿ ಮಾಡೋ ಹುಡುಗ್ರು "ಸಾರ್ ಎರಡು ಪರ್ಸೆಂಟ್ ಬಾಡಿಗೆಗೆ ಯಾಕೆ ಅಷ್ಟು ದುಡ್ಡು ಅಲ್ಲಿ ಇಟ್ಟಿದೀರ" ಅಂತಾರೆ, ಬ್ರೋಕರ್ ಅಂತೂ ಸಂಜೆಗೇ ಪಾರ್ಟಿ ಕರ್ಕೊಂಡು ಬರ್ತೀನಿ ಅಂತಾನೆ. ಮೂರು ಜನರ ಮಾತಲ್ಲೂ ನಿಮ್ಮ ಮನೆ ಲೆಕ್ಕ ಇಲ್ಲ. ಒಂದು ಪೇಪರ್ ತಗೊಳ್ಳಿ, ನಾನು ಒಂದು ಉದಾಹರಣೆ ಇಟ್ಕೊಂಡು ಹೋಗ್ತೀನಿ, ನೀವು ಪಕ್ಕದಲ್ಲಿ ನಿಮ್ಮ ನಂಬರ್ ಹಾಕ್ತಾ ಬನ್ನಿ.

ಉದಾಹರಣೆ ಹೀಗಿರ್ಲಿ. 2012-13ರಲ್ಲಿ ರಿಜಿಸ್ಟ್ರೇಷನ್ ಎಲ್ಲಾ ಸೇರಿ 48 ಲಕ್ಷಕ್ಕೆ ತಗೊಂಡ ಫ್ಲಾಟ್, 2025-26ರಲ್ಲಿ 1 ಕೋಟಿ 10 ಲಕ್ಷಕ್ಕೆ ಹೋಗತ್ತೆ. ಹೋಂ ಲೋನ್ ಇನ್ನೂ 14 ಲಕ್ಷ ಬಾಕಿ. ಬಾಡಿಗೆ ತಿಂಗಳಿಗೆ 28 ಸಾವಿರ, ಮೇಂಟೆನೆನ್ಸ್ ಬಾಡಿಗೆಯವರೇ ಕಟ್ತಾರೆ.

1. ಮೊದಲು ಟ್ಯಾಕ್ಸ್ ಎಷ್ಟು ಅಂತ ಗೊತ್ತು ಮಾಡ್ಕೊಳ್ಳಿ

ಯಾಕೆ ಇದೇ ಮೊದಲು ಅಂದ್ರೆ, ಜನ ಹೆದರೋದೇ ಇದಕ್ಕೆ, ಮತ್ತೆ ಹೆದರಿ ತಗೊಳ್ಳೋ ನಿರ್ಧಾರ ಟ್ಯಾಕ್ಸಿಗಿಂತ ಜಾಸ್ತಿ ಖರ್ಚು ಮಾಡಿಸತ್ತೆ.

ಎರಡು ವರ್ಷಕ್ಕಿಂತ ಜಾಸ್ತಿ ಇಟ್ಕೊಂಡ ಮನೆ ಮಾರಿದ್ರೆ ಬರೋ ಲಾಭ ಲಾಂಗ್ ಟರ್ಮ್ ಕ್ಯಾಪಿಟಲ್ ಗೇನ್, ಟ್ಯಾಕ್ಸ್ ಅದರ ಮೇಲೆ. 2024ರ ಜುಲೈ 23ರಿಂದ ರೇಟ್ 12.5 ಪರ್ಸೆಂಟ್, ಇಂಡೆಕ್ಸೇಷನ್ (ಬೆಲೆ ಏರಿಕೆಯ ಸೂಚ್ಯಂಕ ನೋಡಿ ಕೊಂಡ ಬೆಲೆ ಏರಿಸ್ಕೊಂಡು ಲಾಭ ಲೆಕ್ಕ ಹಾಕೋದು) ಇಲ್ಲ. ಆದ್ರೆ ಆ ತಾರೀಕಿಗಿಂತ ಮುಂಚೆ ತಗೊಂಡ ಮನೆ ಆಗಿದ್ದು ನೀವು ಇಂಡಿಯಾದಲ್ಲೇ ಇರೋರಾದ್ರೆ ಹಳೇ ಲೆಕ್ಕವೂ (20 ಪರ್ಸೆಂಟ್, ಇಂಡೆಕ್ಸೇಷನ್ ಜೊತೆ) ಹಾಕಿ ನೋಡಬಹುದು, ಯಾವುದು ಕಮ್ಮಿಯೋ ಅಷ್ಟು ಕಟ್ಟಿದ್ರೆ ಸಾಕು. ತುಂಬ ಜನಕ್ಕೆ ಇದು ಗೊತ್ತೇ ಇಲ್ಲ, 12.5 ಕಮ್ಮಿ ನಂಬರ್ ಅಲ್ವಾ ಅಂತ ಅದನ್ನೇ ಹಿಡ್ಕೊಂಡು ಕೂತಿರ್ತಾರೆ.

ನಮ್ಮ ಉದಾಹರಣೇಲಿ ನೋಡಿ. ಇಂಡೆಕ್ಸೇಷನ್ ಇಲ್ದೆ ಲಾಭ 62 ಲಕ್ಷ, ಅದರ 12.5 ಪರ್ಸೆಂಟ್ 7.75 ಲಕ್ಷ, ಸೆಸ್ ಸೇರಿ ಸುಮಾರು 8.06 ಲಕ್ಷ (ವರ್ಷದ ಆದಾಯ 50 ಲಕ್ಷ ದಾಟಿದ್ರೆ ಬರೋ ಸರ್ಚಾರ್ಜ್ ಈ ಲೆಕ್ಕಗಳಲ್ಲಿ ಸೇರಿಸಿಲ್ಲ). ಇಂಡೆಕ್ಸೇಷನ್ ಹಾಕಿದ್ರೆ 2012-13ರ ಸೂಚ್ಯಂಕ 200, 2025-26ರದ್ದು 376, ಅಂದ್ರೆ ನಿಮ್ಮ 48 ಲಕ್ಷ 90.24 ಲಕ್ಷ ಆಗತ್ತೆ, ಲಾಭ ಬರೀ 19.76 ಲಕ್ಷ, 20 ಪರ್ಸೆಂಟ್ ಅಂದ್ರೆ 3.95 ಲಕ್ಷ, ಸೆಸ್ ಸೇರಿ 4.11 ಲಕ್ಷ. ಅರ್ಧಕ್ಕರ್ಧ ವ್ಯತ್ಯಾಸ. ಮನೆ ರೇಟ್ ಸಿಕ್ಕಾಪಟ್ಟೆ ಏರಿದ್ರೆ (ಸೈಟ್ ಇರೋ ಇಂಡಿಪೆಂಡೆಂಟ್ ಮನೆಗಳಲ್ಲಿ ಹಂಗಾಗತ್ತೆ) 12.5 ಲೆಕ್ಕವೇ ಲಾಭ ಆಗಬಹುದು, ಅದಕ್ಕೇ ಎರಡೂ ಹಾಕಿ ನೋಡಿ ಅನ್ನೋದು.

ಅಪ್ಪನಿಂದ ಬಂದ ಮನೆ ಆದ್ರೆ ಅಪ್ಪ ಕೊಟ್ಟ ಬೆಲೆಯೇ ನಿಮ್ಮ ಬೆಲೆ. 2001ರ ಏಪ್ರಿಲ್ 1ಕ್ಕಿಂತ ಮುಂಚೆ ತಗೊಂಡಿದ್ದು ಅಥವಾ ಕಟ್ಸಿದ್ದು ಆಗಿದ್ರೆ ಆ ದಿನದ ಮಾರ್ಕೆಟ್ ಬೆಲೆ ಇಟ್ಕೋಬಹುದು, ಅದಕ್ಕೆ ವ್ಯಾಲ್ಯುಯೇಷನ್ ರಿಪೋರ್ಟ್ ಮಾಡಿಸಿ, ಆ ದಿನದ ಗೈಡೆನ್ಸ್ ವ್ಯಾಲ್ಯೂ (ರಿಜಿಸ್ಟ್ರೇಷನ್‌ಗೆ ಸರ್ಕಾರ ಇಟ್ಟಿರೋ ಕನಿಷ್ಠ ಬೆಲೆ) ಸಿಗೋ ಕಡೆ ಅದಕ್ಕಿಂತ ಮೇಲೆ ಹೋಗೋ ಹಾಗಿಲ್ಲ. ಮಹಡಿ ಕಟ್ಸಿದ ಬಿಲ್ ಇದ್ರೆ ಅದೂ ವೆಚ್ಚಕ್ಕೆ ಸೇರತ್ತೆ, ಬಿಲ್ ಹುಡುಕಿಡಿ. ಇನ್ನೊಂದು, 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಅಂತ ಮಾಡಿರೋದ್ರಿಂದ ಸೆಕ್ಷನ್ ನಂಬರ್‌ಗಳು ಬದಲಾಗಿವೆ, ನಾನು ಎಲ್ಲರ ಬಾಯಲ್ಲಿರೋ ಹಳೇ ನಂಬರ್‌ಗಳನ್ನೇ ಹೇಳ್ತಿದೀನಿ, ಸಿಎಗೆ ಅರ್ಥ ಆಗತ್ತೆ.

2. ಕೈಗೆ ಬರೋ ದುಡ್ಡು

1.10 ಕೋಟಿ ಅನ್ನೋದು ಬೋರ್ಡ್ ಮೇಲಿನ ರೇಟು. ಅದರಲ್ಲಿ ಲೋನ್ 14 ಲಕ್ಷ ಹೋಯ್ತು, ಬ್ರೋಕರ್ ಒಂದು ಪರ್ಸೆಂಟ್ ಅಂದ್ರೆ 1.1 ಲಕ್ಷ, ಟ್ಯಾಕ್ಸ್ 4.1 ಲಕ್ಷ, ಬಾಡಿಗೆಯವ್ರ ಅಡ್ವಾನ್ಸ್ ವಾಪಸ್ ಕೊಡೋದು ಒಂದೂವರೆ ಲಕ್ಷ (ಅದು ನಿಮ್ಮ ದುಡ್ಡಲ್ಲ, ಎಷ್ಟೋ ಜನ ಅದನ್ನ ಯಾವಾಗ್ಲೋ ಖರ್ಚು ಮಾಡಿ ಮರೆತಿರ್ತಾರೆ), ಪೇಂಟು ಕಾಗದ ಪತ್ರ ಓಡಾಟ ಅಂತ ಅರ್ಧ ಲಕ್ಷ. ಉಳಿಯೋದು 88.8 ಲಕ್ಷ. ನೀವು ಇನ್ಮೇಲೆ ಮಾತಾಡಬೇಕಾಗಿರೋದು ಈ ನಂಬರ್ ಬಗ್ಗೆ.

ಲೀಸಿಗೆ ಬಿಟ್ಟಿರೋರು ಇಲ್ಲಿ ಹುಷಾರು. 15-20 ಲಕ್ಷ ಲೀಸ್ ದುಡ್ಡು ಇಸ್ಕೊಂಡು ಅದನ್ನ ಇನ್ನೊಂದು ಸೈಟಿಗೋ ಮಗಳ ಮದುವೆಗೋ ಹಾಕಿದ್ರೆ ಅದು ಸಾಲವೇ. ಮಾರೋ ದಿನ ಅಷ್ಟೂ ಎಣಿಸಿ ಕೊಡಬೇಕು, ಆಗಲೇ ಮನೆ ಖಾಲಿ ಆಗೋದು.

3. ಆ ಮನೆ ವರ್ಷಕ್ಕೆ ಎಷ್ಟು ದುಡೀತಿದೆ

ಎಲ್ರೂ ಮಾಡೋ ಲೆಕ್ಕ ಏನಂದ್ರೆ, 48 ಲಕ್ಷಕ್ಕೆ ತಗೊಂಡಿದ್ದೆ, ವರ್ಷಕ್ಕೆ 3.36 ಲಕ್ಷ ಬಾಡಿಗೆ ಬರತ್ತೆ, 7 ಪರ್ಸೆಂಟ್ ಆಯ್ತಲ್ಲ, ಬ್ಯಾಂಕಿಗಿಂತ ವಾಸಿ ಅಂತ. ತಪ್ಪು ಲೆಕ್ಕ ಇದು. 48 ಲಕ್ಷ 2012ರಲ್ಲಿ ಮುಗಿದ ಕಥೆ, ಇವತ್ತು ಆ ಗೋಡೆಗಳ ಒಳಗೆ ನಿಮ್ಮದು 88.8 ಲಕ್ಷ ಕೂತಿದೆ, ಬಾಡಿಗೆಯನ್ನ ಅದರ ಮೇಲೆ ನೋಡಬೇಕು.

3.36 ಲಕ್ಷದಲ್ಲಿ ಪ್ರಾಪರ್ಟಿ ಟ್ಯಾಕ್ಸ್ 9 ಸಾವಿರ ತೆಗೀರಿ (ಬಾಡಿಗೆಗೆ ಕೊಟ್ಟ ಮನೆಗೆ ಸ್ವಂತ ಇರೋ ಮನೆಗಿಂತ ಜಾಸ್ತಿ ಅನ್ನೋದು ಗೊತ್ತಲ್ಲ), ಬಾಡಿಗೆಯವ್ರು ಬದಲಾಗುವಾಗ ಖಾಲಿ ಬೀಳೋದು ವರ್ಷದ ಸರಾಸರಿ ಅರ್ಧ ತಿಂಗಳು ಅಂತ 14 ಸಾವಿರ, ಪೇಂಟು ಗೀಸರ್ ನಲ್ಲಿ ಸೋರೋದು ಇಂಥದ್ದಕ್ಕೆಲ್ಲ 25 ಸಾವಿರ, ಲಿಫ್ಟ್ ಹಳೇದಾಯ್ತು ಟೆರೇಸ್ ಲೀಕು ಅಂತ ಅಸೋಸಿಯೇಷನ್‌ನೋರು ಓನರ್‌ಗಳ ಹತ್ರಾನೇ ವಸೂಲಿ ಮಾಡೋದು ಒಂದು 8 ಸಾವಿರ. ಉಳೀತು 2.80 ಲಕ್ಷ. 14 ಲಕ್ಷ ಲೋನಿಗೆ 8 ಪರ್ಸೆಂಟ್ ಬಡ್ಡಿ 1.12 ಲಕ್ಷ ಕಳೀರಿ. ಕೊನೆಗೆ 1.68 ಲಕ್ಷ. 88.8 ಲಕ್ಷದ ಮೇಲೆ ಎರಡು ಪರ್ಸೆಂಟ್ ಕೂಡ ಇಲ್ಲ.

ಇಷ್ಟಕ್ಕೇ "ಸರಿ ಮಾರೋಣ" ಅನ್ಬೇಡಿ, ಆಫೀಸ್ ಹುಡುಗ್ರು ನಿಲ್ಲೋದು ಇಲ್ಲೇ.

4. ಮನೆ ಎಷ್ಟು ಏರಿದ್ರೆ ಇಟ್ಕೊಳ್ಳೋದು ಸರಿ

ಅದೇ 88.8 ಲಕ್ಷ ಎಫ್‌ಡಿಲಿ 6.5 ಪರ್ಸೆಂಟಿಗೆ ಇಟ್ರೆ ವರ್ಷಕ್ಕೆ 5.77 ಲಕ್ಷ. ಮನೆ ಕೊಡೋದು 1.68. ವ್ಯತ್ಯಾಸ 4.09 ಲಕ್ಷ. ಅಂದ್ರೆ 1.10 ಕೋಟಿ ಮನೆ ಬೆಲೆ ವರ್ಷಕ್ಕೆ 3.7 ಪರ್ಸೆಂಟ್ ಏರಿದ್ರೆ ಎಫ್‌ಡಿಗೆ ಸಮ ಸಮ. ಅದಕ್ಕಿಂತ ಜಾಸ್ತಿ ಏರಿದ್ರೆ ಇಟ್ಕೊಂಡೋನು ಗೆದ್ದ, ಕಮ್ಮಿ ಆದ್ರೆ ಮಾರಿದೋನು ಗೆದ್ದ.

ಇನ್‌ಕಂ ಟ್ಯಾಕ್ಸ್ ಸೇರಿಸಿದ್ರೆ ಚಿತ್ರ ಇನ್ನೂ ಬದಲಾಗತ್ತೆ. ಎಫ್‌ಡಿ ಬಡ್ಡಿ ಪೂರ್ತಿ ನಿಮ್ಮ ಸ್ಲ್ಯಾಬಿಗೆ ಸೇರತ್ತೆ, ಬಾಡಿಗೇಲಿ ಪ್ರಾಪರ್ಟಿ ಟ್ಯಾಕ್ಸ್ ಕಳೆದು ಉಳಿದಿದ್ದರಲ್ಲಿ 30 ಪರ್ಸೆಂಟ್ ಸುಮ್ಮನೆ ಬಿಟ್ಬಿಡ್ತಾರೆ, ಬಿಲ್ ಗಿಲ್ ಏನೂ ಬೇಡ, ಮೇಲಿಂದ ಲೋನ್ ಬಡ್ಡೀನೂ ಕಳೀಬಹುದು. ಇನ್‌ಕಂ ಟ್ಯಾಕ್ಸಿನ ಹೊಸ ರೆಜೀಮಲ್ಲಿ ಮನೆ ನಷ್ಟ ಅಂತ ಸಂಬಳದಲ್ಲಿ ಕಳೆಯೋ ಹಾಗಿಲ್ಲ ಅಷ್ಟೆ, ಬಾಡಿಗೆ ಎದುರು ಬಡ್ಡಿ ಕಳೆಯೋಕೆ ಅಡ್ಡಿ ಇಲ್ಲ. 30 ಪರ್ಸೆಂಟ್ ಸ್ಲ್ಯಾಬಲ್ಲಿ ಇರೋರಿಗೆ ಎಫ್‌ಡಿಯಿಂದ ಟ್ಯಾಕ್ಸ್ ಹೋಗಿ 3.97 ಲಕ್ಷ ಉಳಿದ್ರೆ ಮನೆಯಿಂದ ಸುಮಾರು 1.31 ಲಕ್ಷ ಉಳಿಯತ್ತೆ, ವ್ಯತ್ಯಾಸ 2.66 ಲಕ್ಷ, ಅಂದ್ರೆ ಮನೆ 2.4 ಪರ್ಸೆಂಟ್ ಏರಿದ್ರೂ ಸಾಕು. ಹಾಗಾಗಿ ಒಳ್ಳೇ ಸಂಬಳದಲ್ಲಿ ಇರೋರು ಎಫ್‌ಡಿ ಇಡೋಕೆ ಮನೆ ಮಾರೋದ್ರಲ್ಲಿ ಅರ್ಥ ಕಮ್ಮಿ. ರಿಟೈರ್ ಆದೋರ ಕಥೆ ಬೇರೆ. ಅವ್ರಿಗೆ ಬೇಕಾಗಿರೋದು ತಿಂಗಳ ಖರ್ಚಿಗೆ ದುಡ್ಡು, ಬೆಲೆ ಏರಿದ ಮನೆ ಔಷಧಿ ಅಂಗಡೀಲಿ ನಡೆಯಲ್ಲ.

5. ನಿಮ್ಮ ಮನೆ ಅಷ್ಟು ಏರತ್ತಾ?

48 ಲಕ್ಷ 13 ವರ್ಷದಲ್ಲಿ 1.10 ಕೋಟಿ ಆಗಿದೆ ಅಂದ್ರೆ ವರ್ಷಕ್ಕೆ 6.6 ಪರ್ಸೆಂಟ್ ಏರಿದೆ. ಅದೇ ಓಟ ಮುಂದುವರಿದ್ರೆ ಇಟ್ಕೊಳ್ಳೋದೇ ಲಾಭ, ಲೆಕ್ಕ ಮುಗೀತು. ಆದ್ರೆ ಮುಂದುವರಿಯತ್ತಾ ಅನ್ನೋದೇ ಪ್ರಶ್ನೆ, ಇಲ್ಲಿ ನೀವೇ ಕಣ್ಣು ಬಿಟ್ಟು ನೋಡಬೇಕು.

ಏರೋದು ಜಾಗ, ಕಟ್ಟಡ ಅಲ್ಲ. ಕಟ್ಟಡ ವರ್ಷ ವರ್ಷ ಹಳೇದಾಗ್ತಾ ಇಳಿಯತ್ತೆ. 30x40 ಸೈಟಲ್ಲಿ ಇರೋ ಮನೆಗೆ ಅಷ್ಟೂ ಜಾಗ ನಿಮ್ಮದು, ಗೋಡೆ ಬಿದ್ರೂ ಸೈಟ್ ರೇಟ್ ಇದ್ದೇ ಇರತ್ತೆ. ಫ್ಲಾಟಲ್ಲಿ ನಿಮ್ಮ ಪಾಲಿಗೆ ಇರೋದು ಯುಡಿಎಸ್ (ಇಡೀ ಅಪಾರ್ಟ್‌ಮೆಂಟಿನ ಜಾಗದಲ್ಲಿ ನಿಮ್ಮ ಹೆಸರಿಗಿರೋ ಪಾಲು), ಸೇಲ್ ಡೀಡ್ ತೆಗೆದು ಎಷ್ಟು ಚದರ ಅಡಿ ಅಂತ ಓದಿ. 1,200 ಅಡಿ ಫ್ಲಾಟಿಗೆ 600 ಅಡಿ ಯುಡಿಎಸ್ ಇರೋ ನಾಲ್ಕು ಮಹಡಿ ಹಳೇ ಅಪಾರ್ಟ್‌ಮೆಂಟಿಗೂ, 300 ಅಡಿ ಇರೋ ಇಪ್ಪತ್ತು ಮಹಡಿ ಟವರಿಗೂ ಇಪ್ಪತ್ತು ವರ್ಷ ಆದ್ಮೇಲೆ ಅಜಗಜಾಂತರ. ಸ್ವಿಮ್ಮಿಂಗ್ ಪೂಲು ಕ್ಲಬ್ ಹೌಸು ಇದೆಯಲ್ಲ ಅಂದ್ರೆ ಅದು ಖರ್ಚಿನ ಬಾಬತ್ತು, ಆಸ್ತಿ ಅಲ್ಲ, ಇದು ನನ್ನ ಅಭಿಪ್ರಾಯ.

ಆಮೇಲೆ ಏರಿಯಾದಲ್ಲಿ ಏರಬೇಕಾಗಿದ್ದು ಆಗಲೇ ಏರಿ ಆಯ್ತಾ ಅಂತ ನೋಡಿ. ಆರ್‌ವಿ ರೋಡಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ 2025ರ ಆಗಸ್ಟಲ್ಲಿ ಶುರು ಆಯ್ತು, ಆದ್ರೆ ಕಂಬ ಎದ್ದಾಗಲೇ ಅಲ್ಲಿ ಓನರ್‌ಗಳು ಮೆಟ್ರೋ ಹೆಸರು ಹೇಳಿ ರೇಟ್ ಕೇಳ್ತಿದ್ರು. ಮೆಟ್ರೋ ಬರತ್ತೆ ಅಂತ ಇಟ್ಕೊಂಡಿದ್ದೋರು ಮೆಟ್ರೋ ಬಂದ್ಮೇಲೆ ಇನ್ಯಾವುದಕ್ಕೆ ಕಾಯ್ತಿದೀವಿ ಅಂತ ಕೇಳ್ಕೋಬೇಕು. ನೀರು ಇನ್ನೊಂದು. 2024ರ ಬೇಸಿಗೇಲಿ ಬೋರ್ ಒಣಗಿ ಟ್ಯಾಂಕರ್ ಹಿಂದೆ ಓಡಿದ ಅಪಾರ್ಟ್‌ಮೆಂಟ್‌ಗಳಲ್ಲಿ ಬಾಡಿಗೆಗೆ ಬರೋರು ಈಗ ಮೊದಲು ಕೇಳೋದೇ "ಕಾವೇರಿ ಕನೆಕ್ಷನ್ ಇದ್ಯಾ" ಅಂತ, ತಗೊಳ್ಳೋಕೆ ಬರೋರೂ ಅದನ್ನೇ ಕೇಳ್ತಾರೆ.

ಪರೀಕ್ಷೆ ಮಾಡೋಕೆ ಸುಲಭ ದಾರಿ, ನಿಮ್ಮದೇ ಅಪಾರ್ಟ್‌ಮೆಂಟಲ್ಲಿ ಕಳೆದ ಮೂರ್ನಾಲ್ಕು ವರ್ಷದಲ್ಲಿ ನಿಜವಾಗಿ ಯಾವ ರೇಟಿಗೆ ರಿಜಿಸ್ಟರ್ ಆಗಿದೆ ಅಂತ ವಿಚಾರಿಸಿ. ವೆಬ್‌ಸೈಟಲ್ಲಿ ಹಾಕಿರೋದು ಕೇಳೋ ರೇಟು, ಕೊಡೋ ರೇಟಲ್ಲ. ಹಾಗೇ ಬಾಡಿಗೆ ಅದೇ ಅವಧೀಲಿ ಎಷ್ಟು ಏರಿದೆ ನೋಡಿ, ಬಾಡಿಗೆ ನಿಂತಲ್ಲೇ ನಿಂತು ಬೆಲೆ ಮಾತ್ರ ಹಾರಿದ್ರೆ ಅದನ್ನ ನಾನು ಅಷ್ಟು ನಂಬಲ್ಲ.

6. ಮಾರಿದ ದುಡ್ಡು ಎಲ್ಲಿಗೆ? ಇದು ಮಾರೋ ಮುಂಚೆ ತೀರ್ಮಾನ ಆಗ್ಬೇಕು

ಹೆಚ್ಚು ಜನ ಮಾಡೋದು, ಟ್ಯಾಕ್ಸ್ ಉಳಿಸೋಕೆ ಅಂತ ಇನ್ನೊಂದು ಮನೆ ತಗೊಳ್ಳೋದು. ಸೆಕ್ಷನ್ 54 ಹೇಳೋದೇನಂದ್ರೆ, ಮಾರೋ ಒಂದು ವರ್ಷ ಮುಂಚೆ ಅಥವಾ ಮಾರಿ ಎರಡು ವರ್ಷದೊಳಗೆ ಇಂಡಿಯಾದಲ್ಲಿ ಎಲ್ಲಾದ್ರೂ ಮನೆ ತಗೊಂಡ್ರೆ, ಅಥವಾ ಮೂರು ವರ್ಷದೊಳಗೆ ಕಟ್ಸಿದ್ರೆ, ಲಾಭದಷ್ಟು ದುಡ್ಡು ಅದಕ್ಕೆ ಹಾಕಿದ್ರೆ ಟ್ಯಾಕ್ಸ್ ಇಲ್ಲ. ಪೂರ್ತಿ ಮಾರಿದ ಬೆಲೆ ಹಾಕಬೇಕಿಲ್ಲ, ಲಾಭ ಹಾಕಿದ್ರೆ ಸಾಕು. ಲಾಭ 2 ಕೋಟಿ ಒಳಗಿದ್ರೆ ಜೀವನದಲ್ಲಿ ಒಂದು ಸಲ ಎರಡು ಮನೆ ಕೂಡ ತಗೋಬಹುದು. ಅಂಗಡಿ, ಆಫೀಸ್ ಜಾಗ, ತೋಟ, ಇದಕ್ಕೆಲ್ಲ ಇಲ್ಲ. ಬರೀ ಸೈಟ್ ತಗೊಂಡು ಬಿಟ್ರೆ ಇಲ್ಲ, ಮೂರು ವರ್ಷದಲ್ಲಿ ಮನೆ ಎದ್ದಿರಬೇಕು. ಹೊಸ ಮನೆ ಮೂರು ವರ್ಷದೊಳಗೆ ಮಾರಿದ್ರೆ ಸಿಕ್ಕಿದ ವಿನಾಯಿತಿ ವಾಪಸ್ ಹೋಗತ್ತೆ.

ಈಗ ಖರ್ಚು ನೋಡಿ. ಕರ್ನಾಟಕದಲ್ಲಿ ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್ ಸರ್ಚಾರ್ಜ್ ಸೇರಿ ಸಿಟೀಲಿ 5.6, ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ 31ರಿಂದ 1 ಇದ್ದಿದ್ದು 2 ಪರ್ಸೆಂಟ್, ಒಟ್ಟು 7.6. 70 ಲಕ್ಷದ ಫ್ಲಾಟಿಗೆ 5.32 ಲಕ್ಷ. ಕಟ್ತಾ ಇರೋ ಫ್ಲಾಟ್ ಬಿಲ್ಡರ್ ಹತ್ರ ತಗೊಂಡ್ರೆ ಇನ್ನೂ 5 ಪರ್ಸೆಂಟ್ ಜಿಎಸ್‌ಟಿ. ಅಂದ್ರೆ 4.11 ಲಕ್ಷ ಟ್ಯಾಕ್ಸ್ ಉಳಿಸೋಕೆ 5.32 ಲಕ್ಷ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕಟ್ಟಿ ಬಂದ್ರಿ, ಮೇಲೆ ಇಂಟೀರಿಯರ್ ಬೇರೆ, ಕೊನೆಗೆ ಸಿಗೋದು ಅದೇ ಮೂರು ಪರ್ಸೆಂಟ್ (ಖರ್ಚು ಕಳೆಯೋ ಮುಂಚೆ) ಬಾಡಿಗೆ ಕೊಡೋ ಇನ್ನೊಂದು ಫ್ಲಾಟು. ಮಾರಿದ್ದಾದ್ರೂ ಯಾಕೆ? ಹೊಸ ಮನೆ ನಿಮಗೇ ಬೇಕು, ಮೈಸೂರಲ್ಲೋ ಹಾಸನದಲ್ಲೋ ಹೋಗಿ ಇರ್ತೀವಿ, ಅಥವಾ ಫ್ಲಾಟ್ ಬಿಟ್ಟು ಸೈಟಿರೋ ಮನೆಗೆ ಹೋಗ್ತಿದೀವಿ ಅಂದ್ರೆ ಸರಿ, ಅದಕ್ಕೆ ಕಾರಣ ಇದೆ. ಟ್ಯಾಕ್ಸ್ ಒಂದೇ ಕಾರಣ ಆದ್ರೆ ಟ್ಯಾಕ್ಸ್ ಕಟ್ಟಿ ನಿದ್ದೆ ಮಾಡೋದು ಅಗ್ಗ.

ಟ್ಯಾಕ್ಸ್ ಉಳಿಸೋಕೆ 54ಇಸಿ ಬಾಂಡ್‌ಗಳು ಇನ್ನೊಂದು ದಾರಿ. ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿ ಇಂಥ ಸರ್ಕಾರಿ ಕಂಪನಿಗಳವು, ಮಾರಿದ ಆರು ತಿಂಗಳೊಳಗೆ 50 ಲಕ್ಷದವರೆಗೆ, ಐದು ವರ್ಷ ಮುಟ್ಟೋ ಹಾಗಿಲ್ಲ, 5.25 ಪರ್ಸೆಂಟ್ ಬಡ್ಡಿ, ಆ ಬಡ್ಡಿಗೂ ಟ್ಯಾಕ್ಸ್ ಇದೆ. 50 ಲಕ್ಷ ಅಲ್ಲಿಟ್ರೆ 7 ಪರ್ಸೆಂಟ್ ಸಿಗೋ ಕಡೆ ಇಡೋದಕ್ಕಿಂತ ವರ್ಷಕ್ಕೆ 87,500 ಕಮ್ಮಿ, ಐದು ವರ್ಷಕ್ಕೆ 4.37 ಲಕ್ಷ. 12.5 ಪರ್ಸೆಂಟ್ ಲೆಕ್ಕದಲ್ಲಿ ಟ್ಯಾಕ್ಸ್ ಕಟ್ಟೋ ಪರಿಸ್ಥಿತಿ ಇದ್ರೆ 50 ಲಕ್ಷಕ್ಕೆ ಆರೂವರೆ ಲಕ್ಷ ಉಳಿಯತ್ತೆ, ಆಗ ಪರವಾಗಿಲ್ಲ. ಇಂಡೆಕ್ಸೇಷನ್ ಹಾಕಿ ಒಟ್ಟು ಟ್ಯಾಕ್ಸೇ 4 ಲಕ್ಷ ಬರೋ ನಮ್ಮ ಉದಾಹರಣೇಲಿ ಪೂರ್ತಿ 50 ಲಕ್ಷ ತಗೊಂಡೋಗಿ ಬಾಂಡಿಗೆ ತುಂಬೋದು ದಡ್ಡತನ, ಎಷ್ಟು ಬೇಕೋ ಅಷ್ಟೇ ಹಾಕಿ, ಅದು ಎಷ್ಟು ಅಂತ ಸಿಎ ಹತ್ರ ಲೆಕ್ಕ ಮಾಡಿಸಿ.

ಟ್ಯಾಕ್ಸ್ ಕಟ್ಟಿ ಉಳಿದ ದುಡ್ಡನ್ನ ಹಂಚೋದು ಮೂರನೇದು. 60 ದಾಟಿದೋರಿಗೆ ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮಲ್ಲಿ ಒಬ್ಬೊಬ್ಬರಿಗೆ 30 ಲಕ್ಷದವರೆಗೆ, 2025-26ರಲ್ಲಿ 8.2 ಪರ್ಸೆಂಟ್, ಮೂರು ತಿಂಗಳಿಗೊಮ್ಮೆ ಬಡ್ಡಿ ಬರತ್ತೆ, ಗಂಡ ಹೆಂಡತಿ ಇಬ್ಬರೂ ಇಟ್ರೆ 60 ಲಕ್ಷ. ಆ 60 ಲಕ್ಷದಿಂದ ವರ್ಷಕ್ಕೆ 4.92 ಲಕ್ಷ, ಅಂದ್ರೆ ತಿಂಗಳಿಗೆ 41 ಸಾವಿರ, ಬಾಡಿಗೆಯವ್ರ ಫೋನೂ ಇಲ್ಲ ಪ್ಲಂಬರ್ ಹುಡುಕೋದೂ ಇಲ್ಲ. ಇನ್ನೂ ಹದಿನೈದು ವರ್ಷ ಕೆಲಸ ಮಾಡೋ ವಯಸ್ಸಿನೋರು ಮ್ಯೂಚುಯಲ್ ಫಂಡ್ ಕಡೆ ನೋಡಬಹುದು, ಆದ್ರೆ ಮನೆ ಬೆಲೆ ದಿನಾ ಮೊಬೈಲಲ್ಲಿ ಕಾಣಲ್ಲ ಅದಕ್ಕೇ ಎಲ್ರೂ ಹದಿಮೂರು ವರ್ಷ ಸುಮ್ಮನೆ ಇಟ್ಕೊಂಡಿದ್ರು, ಫಂಡ್ 20 ಪರ್ಸೆಂಟ್ ಇಳಿದ ದಿನ ಅದೇ ತಾಳ್ಮೆ ಇರತ್ತಾ ಅಂತ ಪ್ರಾಮಾಣಿಕವಾಗಿ ಯೋಚಿಸಿ. ಪ್ರಾಪರ್ಟಿ ಬಿಟ್ಟು ಇರೋಕಾಗಲ್ಲ ಅನ್ನೋರಿಗೆ ರೀಟ್‌ಗಳಿವೆ, ಆಫೀಸ್ ಕಟ್ಟಡದ ಬಾಡಿಗೇಲಿ ಪಾಲು ಸಿಗೋ ಥರ, 2019ರಲ್ಲಿ ದೇಶದ ಮೊದಲನೇದು ಲಿಸ್ಟ್ ಆಗಿದ್ದು ಬೆಂಗಳೂರಿನ ಎಂಬೆಸಿದೇ.

ಇದ್ಯಾವುದೂ ತೀರ್ಮಾನ ಆಗದೆ ಮಾರಬೇಡಿ. ಸೇವಿಂಗ್ಸ್ ಅಕೌಂಟಲ್ಲಿ 88 ಲಕ್ಷ ಕಾಣಿಸಿದ ತಕ್ಷಣ ಭಾವಮೈದನಿಗೆ ಬಿಸಿನೆಸ್ ಐಡಿಯಾ ಹೊಳೆಯತ್ತೆ, ಮಗನಿಗೆ ಕಾರ್ ನೆನಪಾಗತ್ತೆ.

7. ಕೆಲವರಿಗೆ ಈ ಲೆಕ್ಕಕ್ಕಿಂತ ಮೊದಲು ಬೇರೆ ಕೆಲಸ ಇದೆ

ಪಿತ್ರಾರ್ಜಿತ ಮನೆ ಆದ್ರೆ ಅಕ್ಕ ತಂಗೀರ ಹಕ್ಕು ನೋಡಿ, ಅವ್ರ ಸಹಿ ಇಲ್ದೆ ತಗೊಳ್ಳೋರ ಬ್ಯಾಂಕ್ ಲೋನೇ ಕೊಡಲ್ಲ. ಫಾರಿನ್ನಲ್ಲಿರೋ ಕನ್ನಡಿಗರಿಗೆ ಇಂಡೆಕ್ಸೇಷನ್ ಆಯ್ಕೆ ಇಲ್ಲ, ಬರೀ 12.5, ಅದೂ ಅಲ್ದೆ ತಗೊಳ್ಳೋರು ಇಲ್ಲಿರೋರಿಗೆ ಹಿಡಿಯೋ 1 ಪರ್ಸೆಂಟ್ ಅಲ್ಲ ಆ ಪೂರ್ತಿ ರೇಟಲ್ಲಿ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡ್ಕೊಂಡು ಸರ್ಕಾರಕ್ಕೆ ಕಟ್ಟೋ ಟ್ಯಾಕ್ಸ್) ಹಿಡೀಬೇಕು, ಸಾಮಾನ್ಯವಾಗಿ ಮಾರಿದ ಪೂರ್ತಿ ಬೆಲೆ ಮೇಲೆ ಹಿಡೀತಾರೆ. ಮುಂಚೇನೇ ಲೋವರ್ ಟಿಡಿಎಸ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿ, ಅದಕ್ಕೆ ಟೈಮ್ ಹಿಡಿಯತ್ತೆ, ಹತ್ತು ದಿನದ ರಜೇಲಿ ಬಂದು ಮಾರಿ ಹೋಗ್ತೀನಿ ಅನ್ನೋದು ಆಗೋ ಮಾತಲ್ಲ. ಬಿ ಖಾತಾ (ನಿಯಮ ಪೂರ್ತಿ ಪಾಲಿಸಿಲ್ಲ ಅಂತ ಪಾಲಿಕೆ ಬೇರೆ ಪಟ್ಟೀಲಿ ಇಟ್ಟಿರೋ) ಮನೆ ಇದ್ದೋರಿಗೆ ರೇಟೇ ಬೇರೆ, ತಗೊಳ್ಳೋರೂ ಕಮ್ಮಿ, ಅವ್ರ ಲೆಕ್ಕದಲ್ಲಿ ಮಾರೋ ಬೆಲೆ ಮೊದಲೇ ಇಳಿಸ್ಕೊಂಡು ಹಾಕಬೇಕು.

8. ಮಾರೋದೇ ಅಂತ ಆದ್ರೆ

ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಮೊದಲು. ಅದಿಲ್ದೆ ಈಗ ಬೆಂಗಳೂರಲ್ಲಿ ರಿಜಿಸ್ಟ್ರೇಷನ್ ಆಗಲ್ಲ, ಹೆಸರಲ್ಲಿ ಒಂದು ಅಕ್ಷರ ವ್ಯತ್ಯಾಸ ಇದ್ರೂ ಅಲೆದಾಟ, ಪಾರ್ಟಿ ಸಿಕ್ಕಿದ್ಮೇಲೆ ಶುರು ಮಾಡ್ಬೇಡಿ. ರಿಜಿಸ್ಟ್ರೇಷನ್ ಇಲಾಖೆ ವೆಬ್‌ಸೈಟ್ ಕಾವೇರಿ 2.0ಲಿ ಇಸಿ (ಆಸ್ತಿ ಮೇಲಾಗಿರೋ ವ್ಯವಹಾರ, ಸಾಲಗಳ ಪಟ್ಟಿ) ತೆಗೀರಿ, ಹಳೇ ಲೋನ್ ತೀರಿಸಿದ್ರೂ ಬ್ಯಾಂಕಿನ ಡಿಪಾಸಿಟ್ ಆಫ್ ಟೈಟಲ್ ಡೀಡ್ (ಪತ್ರ ಅಡ ಇಟ್ಟಿದ್ದರ ನಮೂದು) ಇಸಿಲಿ ಹಂಗೇ ಕೂತಿರತ್ತೆ ಕೆಲವು ಸಲ, ಅದನ್ನ ಕ್ಯಾನ್ಸಲ್ ಮಾಡಿಸಬೇಕು. ಬಾಡಿಗೆಯವ್ರಿಗೆ ಬ್ರೋಕರ್ ಬಾಗಿಲು ತಟ್ಟೋ ಮುಂಚೆ ನೀವೇ ಫೋನ್ ಮಾಡಿ ಹೇಳಿ, ಅಗ್ರಿಮೆಂಟಲ್ಲಿರೋ ನೋಟಿಸ್ ಟೈಮ್ ಕೊಡಿ. ಮನೆ ತೋರಿಸೋರು ಅವ್ರೇ ಅಲ್ವಾ, ಅವ್ರು ಮುಖ ಗಂಟು ಹಾಕ್ಕೊಂಡು ಬಾಗಿಲು ತೆಗೆದ್ರೆ ಬಂದ ಪಾರ್ಟಿ ಹಂಗೇ ವಾಪಸ್.

"ಅರ್ಧ ವೈಟ್ ಅರ್ಧ ಬ್ಲಾಕ್" ಅಂತ ಕೇಳೋರು ಬಂದೇ ಬರ್ತಾರೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಂಡ್ರೆ ತಗೊಂಡಷ್ಟೇ ದಂಡ, ಬೀಳೋದು ಇಸ್ಕೊಂಡ ನಿಮ್ಮ ಮೇಲೆ. ಡೀಡಲ್ಲಿ ಬೆಲೆ ಇಳಿಸಿ ಬರೆದ್ರೂ, ಗೈಡೆನ್ಸ್ ವ್ಯಾಲ್ಯೂ ನಿಮ್ಮ ಬೆಲೆಗಿಂತ 10 ಪರ್ಸೆಂಟಿಗೂ ಮೇಲೆ ಇದ್ರೆ ಗೈಡೆನ್ಸ್ ವ್ಯಾಲ್ಯೂನೇ ಮಾರಿದ ಬೆಲೆ ಅಂತ ಹಿಡಿದು ಟ್ಯಾಕ್ಸ್ ಹಾಕ್ತಾರೆ. ಜೊತೆಗೆ ಆ ಬ್ಲಾಕ್ ದುಡ್ಡನ್ನ ಸೀನಿಯರ್ ಸಿಟಿಜನ್ ಸ್ಕೀಮಲ್ಲೂ ಇಡೋಕಾಗಲ್ಲ, ಫಂಡಲ್ಲೂ ಹಾಕೋಕಾಗಲ್ಲ, ಮೇಲೆ ಮಾಡಿದ ಲೆಕ್ಕ ಎಲ್ಲ ತಲೆಕೆಳಗೆ.

50 ಲಕ್ಷ ಅಥವಾ ಅದಕ್ಕಿಂತ ಮೇಲಿದ್ರೆ ತಗೊಳ್ಳೋರು 1 ಪರ್ಸೆಂಟ್ ಟಿಡಿಎಸ್ ಹಿಡಿದು ಕಟ್ಟಬೇಕು, 1.10 ಕೋಟಿಗೆ 1.10 ಲಕ್ಷ. ಅವ್ರು ನಿಜವಾಗ್ಲೂ ಕಟ್ಟಿದ್ರಾ ಅಂತ 26ಎಎಸ್‌ಲಿ (ನಿಮ್ಮ ಪ್ಯಾನ್‌ಗೆ ಜಮಾ ಆದ ಟ್ಯಾಕ್ಸ್ ಪಟ್ಟಿ) ನೋಡ್ಕೊಳ್ಳಿ, ಪ್ಯಾನ್ ನಂಬರ್ ತಪ್ಪು ಹಾಕಿರ್ತಾರೆ. ಸೆಕ್ಷನ್ 54ರ ಪ್ರಕಾರ ಮನೆ ತಗೋಬೇಕು ಅಂತಿದ್ದು ರಿಟರ್ನ್ ಹಾಕೋ ಕೊನೇ ದಿನಾಂಕದೊಳಗೆ ತಗೊಳ್ಳೋಕೆ ಆಗಿಲ್ಲ ಅಂದ್ರೆ ಆ ದುಡ್ಡನ್ನ ಬ್ಯಾಂಕಲ್ಲಿ ಕ್ಯಾಪಿಟಲ್ ಗೇನ್ಸ್ ಅಕೌಂಟ್ ತೆರೆದು ಅದರಲ್ಲಿ ಇಡಬೇಕು, ಮಾಮೂಲಿ ಎಫ್‌ಡಿಲಿ ಇಟ್ರೆ ವಿನಾಯಿತಿ ಸಿಗಲ್ಲ, ಎಲ್ಲಾ ಬ್ರಾಂಚಲ್ಲೂ ಈ ಅಕೌಂಟ್ ಮಾಡಲ್ಲ ಅದಕ್ಕೇ ಜುಲೈ ಕೊನೇ ವಾರಕ್ಕೆ ಇಟ್ಕೋಬೇಡಿ. ಟ್ಯಾಕ್ಸ್ ಸೊನ್ನೆ ಬಂದ್ರೂ ರಿಟರ್ನಲ್ಲಿ ಮಾರಾಟ ತೋರಿಸಲೇಬೇಕು, ದೊಡ್ಡ ಮೊತ್ತದ ರಿಜಿಸ್ಟ್ರೇಷನ್‌ಗಳೆಲ್ಲ ಸಬ್ ರಿಜಿಸ್ಟ್ರಾರ್ ಆಫೀಸಿಂದ ಇನ್‌ಕಂ ಟ್ಯಾಕ್ಸ್‌ನೋರಿಗೆ ಹೋಗಿರತ್ತೆ, ನಿಮ್ಮ ಎಐಎಸ್ (ಇನ್‌ಕಂ ಟ್ಯಾಕ್ಸ್‌ನೋರ ಹತ್ರ ಇರೋ ನಿಮ್ಮ ವ್ಯವಹಾರಗಳ ಪಟ್ಟಿ) ತೆಗೆದು ನೋಡಿದ್ರೆ ನಿಮ್ಮ ಮನೆ ಮಾರಿದ್ದೂ ಅಲ್ಲೇ ಕಾಣತ್ತೆ.